ಐದನೇ ಕೌಂಟಿನ ನಿಲುಗಡೆ: ಒಂದು ಗುಂಪು ನೃತ್ಯವನ್ನು ಬಿಚ್ಚಿ ಮತ್ತೆ ಕಟ್ಟಿದ ಪ್ರಕರಣ

ನಾಲ್ಕನೇ ವಾರದ ಕೊನೆಗೆ ನಮ್ಮ ನೃತ್ಯ ಮುಗಿದಿತ್ತು. ಮುಗಿದಿತ್ತು ಅಂದರೆ ಏಳು ನಿಮಿಷದ ಸಂಗೀತ ಭರ್ತಿಯಾಗಿತ್ತು, ಅಷ್ಟೇ. ಐದು ಜನ ಡ್ಯಾನ್ಸರ್‌ಗಳು. ಮಾತಿಲ್ಲದ ಪಿಯಾನೋ ಸಂಗೀತ. ವಿಷಯ 'ಕಾಯುವುದು'. ವೇಗ ನಿಮಿಷಕ್ಕೆ 96 ಬೀಟ್. ಒಂದು ಬೀಟ್ ಅಂದರೆ ನಮಗೆ ಒಂದು ಕೌಂಟು. ನಾವು ಎಣಿಸುವುದು ಎಂಟೆಂಟು ಕೌಂಟಿನ ಕಟ್ಟುಗಳಲ್ಲಿ. ಹಾಗೆ ನೋಡಿದರೆ ಒಂದು ಎಂಟಕ್ಕೆ ಸರಿಯಾಗಿ ಐದು ಸೆಕೆಂಡ್, ಇಡೀ ನೃತ್ಯಕ್ಕೆ 84 ಎಂಟುಗಳು. ಈ ಲೆಕ್ಕ ಮುಂದೆ ಬೇಕಾಗುತ್ತದೆ, ತಲೆಯ ಮೂಲೆಯಲ್ಲಿ ಇಟ್ಟುಕೊಂಡಿರಿ.

ಆ 84 ಎಂಟುಗಳೊಳಗೆ 31 ಬೇರೆ ಬೇರೆ ತುಣುಕುಗಳಿದ್ದವು. ನನಗೆ ಅದೇ ದೊಡ್ಡ ಹೆಮ್ಮೆ. ಒಂದು ಸ್ಟೆಪ್ ಬಂದರೆ ಮತ್ತೆ ಬರುವುದಿಲ್ಲ, ಯಾರಿಗೂ ಬೇಜಾರಾಗುವುದಿಲ್ಲ ಅಂದುಕೊಂಡಿದ್ದೆ. ಅರ್ಧಕ್ಕಿಂತ ಜಾಸ್ತಿ ಹೊತ್ತು ಐವರೂ ಒಟ್ಟಿಗೆ ಒಂದೇ ಚಲನೆ ಮಾಡುತ್ತಿದ್ದರು. ನೋಡಲು ಚೊಕ್ಕವಾಗಿತ್ತು.

ನೃತ್ಯದ ಗಂಧವಿಲ್ಲದ ಮೂವರನ್ನು ಕರೆದು ತೋರಿಸಿದೆವು. ಚಪ್ಪಾಳೆ ತಟ್ಟಿದರು. ತಕ್ಷಣ ನಾನು ಒಂದೇ ಪ್ರಶ್ನೆ ಕೇಳಿದೆ: "ನೆನಪಿರುವ ಒಂದು ಚಲನೆ ಮಾಡಿ ತೋರಿಸ್ತೀರಾ?" ಮೊದಲನೆಯವರು ಗಾಳಿಯಲ್ಲಿ ಕೈಯಾಡಿಸಿ "ಹೀಗೇನೋ ಇತ್ತು" ಅಂದರು. ಎರಡನೆಯವರು ನಕ್ಕು ಸುಮ್ಮನಾದರು. ಮೂರನೆಯವರು ಎದ್ದು ನಿಂತರು, ಸ್ವಲ್ಪ ಮುಂದಕ್ಕೆ ವಾಲಿದರು, ಕೈಯನ್ನು ಕತ್ತಿನ ಹಿಂದಕ್ಕೆ ಒಯ್ದರು. "ಇದು. ಹೊರಟೇಬಿಡ್ತಾರೆ ಅನ್ನೋವಾಗ ನಿಂತುಬಿಡ್ತಾರಲ್ಲ, ಅದು."

ಮನೆಗೆ ಬಂದು ವಿಡಿಯೋ ನೋಡಿದೆ. ಅವರು ತೋರಿಸಿದ್ದು ನಾನು ಕಷ್ಟಪಟ್ಟು ಕಟ್ಟಿದ ಯಾವ ತುಣುಕೂ ಅಲ್ಲ. ಜಾಗ ಬದಲಿಸಲು ಸಮಯ ಬೇಕಾದಾಗ ಸುಮ್ನೆ ತುಂಬಿದ್ದ ಎಂಟು ಕೌಂಟು. 31 ತುಣುಕುಗಳಲ್ಲಿ ಮೂರು ಸಲ ಬಂದಿದ್ದು ಅದೊಂದೇ. ಅದೂ ನನ್ನ ಸೋಮಾರಿತನದಿಂದ.

ಉಳಿದ ಎಂಟು ಕೌಂಟು

ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮುಂದಿನ ಕಥೆಯೆಲ್ಲ ಇದರ ಒಳಗೇ ಇದೆ. ಒಂದಕ್ಕೆ ಮೈಭಾರ ಬಲಗಾಲಿಗೆ ಹೋಗುತ್ತದೆ. ಎರಡಕ್ಕೆ ಎಡಗಾಲಿನ ಹಿಮ್ಮಡಿ ಏಳುತ್ತದೆ. ಮೂರು-ನಾಲ್ಕಕ್ಕೆ ಮೈ ಮುಂದಕ್ಕೆ ವಾಲುತ್ತದೆ, ಇನ್ನೇನು ಹೆಜ್ಜೆ ಇಟ್ಟೇಬಿಟ್ಟರು ಅನ್ನುವ ಹಾಗೆ. ಐದಕ್ಕೆ ಎಲ್ಲ ನಿಲ್ಲುತ್ತದೆ. ಆರಕ್ಕೆ ಬಲಗೈ ಕತ್ತಿನ ಹಿಂದಕ್ಕೆ ಹೋಗುತ್ತದೆ. ಏಳಕ್ಕೆ ಹಿಮ್ಮಡಿ ನೆಲ ಮುಟ್ಟಿ ಮೈ ನೆಟ್ಟಗಾಗುತ್ತದೆ. ಎಂಟಕ್ಕೆ ಕೈ ಬೀಳುತ್ತದೆ.

ಇಂಥ ಚಲನೆಯನ್ನು ನೃತ್ಯ ಕಟ್ಟುವವರು ಮೋಟಿಫ್ ಅನ್ನುತ್ತಾರೆ. ಬೀಜ ಅಂದುಕೊಳ್ಳಿ. ಅದನ್ನು ದೊಡ್ಡದು ಮಾಡುವುದು, ತಿರುಗಿಸುವುದು, ಒಡೆಯುವುದು, ಒಬ್ಬರ ಹಿಂದೆ ಒಬ್ಬರು ಮಾಡುವುದು, ಇವೆಲ್ಲ ಕಟ್ಟುವ ತಂತ್ರಗಳು. ಈ ತಂತ್ರಗಳ ಹೆಸರು ನನಗೆ ಮೊದಲೇ ಗೊತ್ತಿತ್ತು. ಬಳಸಿಯೂ ಇದ್ದೆ, ಅಡುಗೆ ಮುಗಿದ ಮೇಲೆ ಒಗ್ಗರಣೆ ಹಾಕಿದ ಹಾಗೆ. ಮೂಲ ಚಲನೆಯೇ ನೋಡುವವರ ಕಣ್ಣಲ್ಲಿ ಕೂತಿಲ್ಲದಿದ್ದರೆ ಅದನ್ನು ತಿರುಚಿದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಅವರ ಪಾಲಿಗೆ ಅದು 32ನೇ ಹೊಸ ಸ್ಟೆಪ್, ಅಷ್ಟೇ.

ಐದು ವಾರ ಉಳಿದಿತ್ತು. 29 ತುಣುಕುಗಳನ್ನು ಬಿಟ್ಟೆವು. ಉಳಿಸಿಕೊಂಡಿದ್ದು ಈ ಎಂಟು ಕೌಂಟು, ಮತ್ತೆ ಮೂರು ಹೆಜ್ಜೆ ನಡೆದು ಕುಸಿದು ಕೂತು ಉರುಳುವ ಇನ್ನೊಂದು ತುಣುಕು. ಡ್ಯಾನ್ಸರ್‌ಗಳ ಮುಖ ಅವತ್ತು ನೋಡಬೇಕಿತ್ತು. ನಾಲ್ಕು ವಾರ ಕಲಿತಿದ್ದೆಲ್ಲ ನೀರುಪಾಲು ಅಲ್ವಾ?

ಮೊದಲು ಕಣ್ಣಿಗೆ ಕೂರಿಸುವುದು

ಶುರುವಿಗೇ ಒಬ್ಬಳು ಒಂಟಿಯಾಗಿ ನಿಂತು ಈ ಎಂಟನ್ನು ನಾಲ್ಕು ಸಲ ಮಾಡಲಿ ಅಂದೆ. ಗುಂಪಿನ ಕಿರಿಯವಳು ಮುಖ ಸಿಂಡರಿಸಿದಳು. "ಅಕ್ಕ, ಮೂರನೇ ಸಲಕ್ಕೆ ಜನ ಫೋನ್ ತೆಗೀತಾರೆ."

ನಾನು ಬ್ಯಾಲೆ ಸಂಯೋಜಕ ಪೆಟಿಪಾನ ಉದಾಹರಣೆ ಕೊಟ್ಟೆ. 1877ರ 'ಲಾ ಬಯಾದೇರ್' ಬ್ಯಾಲೆಯಲ್ಲಿ ನೆರಳುಗಳ ಲೋಕದ ದೃಶ್ಯವಿದೆ. ಬಿಳಿ ಉಡುಪಿನ ನರ್ತಕಿಯರು ಇಳಿಜಾರಿನ ಮೇಲೆ ಒಬ್ಬೊಬ್ಬರಾಗಿ ಬರುತ್ತಾರೆ. ಎಲ್ಲರದ್ದೂ ಒಂದೇ ಚಲನೆ: ಒಂದು ಕಾಲು ಹಿಂದಕ್ಕೆ ಚಾಚಿ ವಾಲುವುದು, ಹಿಂದೆ ಸರಿಯುವುದು, ಎರಡು ಹೆಜ್ಜೆ. ಇಂದಿನ ಪ್ರದರ್ಶನಗಳಲ್ಲಿ 24 ಅಥವಾ 32 ಮಂದಿ ಹಾಗೆ ಇಳಿಯುತ್ತಾರೆ. ಮೊದಲನೆಯವಳು ಅದನ್ನು ಹತ್ತಾರು ಸಲ ಮಾಡಿರುತ್ತಾಳೆ. ಆದರೂ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. "ಅಲ್ಲಿ ಪ್ರತಿ ಸಲ ಒಬ್ಬಳು ಹೊಸಬಳು ಸೇರ್ತಾಳೆ ಅಕ್ಕ. ನಂದು ಒಬ್ಬಳದ್ದೇ" ಅಂದಳು. ಮಾತು ಸರಿಯಾಗಿತ್ತು. ಬರೀ ಪುನರಾವರ್ತನೆ ಸಾಲದು, ಏನೋ ಒಂದು ಬೆಳೆಯುತ್ತಿರಬೇಕು.

ಅಲ್ಲಿಂದ ಸಂಚಯಕ್ಕೆ ಹೋದೆವು. ಮೊದಲು ಒಂದನೇ ಚಲನೆ. ಆಮೇಲೆ ಒಂದು, ಎರಡು. ಆಮೇಲೆ ಒಂದು, ಎರಡು, ಮೂರು. ಟ್ರಿಷಾ ಬ್ರೌನ್ 1971ರಲ್ಲಿ 'ಅಕ್ಯುಮ್ಯುಲೇಶನ್' ಅಂತ ಹೆಸರಿಟ್ಟೇ ಒಂದು ಒಂಟಿ ನೃತ್ಯ ಮಾಡಿದರು, ನಿಂತ ಜಾಗದಲ್ಲಿ, ಹೆಬ್ಬೆರಳು ತಿರುಗಿಸುವಷ್ಟು ಸಣ್ಣ ಚಲನೆಯಿಂದ ಶುರು ಮಾಡಿ. ನಮ್ಮಲ್ಲಿ ಒಂದು ತೊಡಕು ಬಂತು. ಅರ್ಧಕ್ಕೆ ವಾಲಿ ನಿಂತವಳು ಮತ್ತೆ ಮೊದಲಿಂದ ಶುರು ಮಾಡಬೇಕಾದರೆ ನೆಟ್ಟಗಾಗಲೇಬೇಕು. ಅದಕ್ಕೊಂದು ಕೌಂಟು ಬೇಕು. ಲೆಕ್ಕ ಹಾಕಿದೆವು. ಒಂದು, ಎರಡು, ನಾಲ್ಕು, ಐದು, ಆರು, ಏಳು, ಎಂಟು. ಕೂಡಿದರೆ 33. ವಾಲುವುದಕ್ಕೆ ಎರಡು ಕೌಂಟು ಬೇಕು, ಅದಕ್ಕೇ ನಡುವೆ ಮೂರು ಇಲ್ಲ. ನಡುವೆ ಆರು ಸಲ ವಾಪಸ್ ಬರುವುದಕ್ಕೆ ಆರು ಕೌಂಟು, 39. ಕೊನೆಗೆ ಒಂದು ಕೌಂಟು ಸುಮ್ಮನೆ ನಿಂತರೆ 40. ಸರಿಯಾಗಿ ಐದು ಎಂಟು, 25 ಸೆಕೆಂಡ್.

ತೊಡಕು ಅಂದುಕೊಂಡಿದ್ದ ಆ ವಾಪಸ್ ಬರುವ ಕೌಂಟೇ ಆರಂಭಕ್ಕೆ ಜೀವ ಕೊಟ್ಟಿತು. ಹೊರಟವಳು ಫಟ್ಟನೆ ನೆಟ್ಟಗಾಗುತ್ತಾಳೆ, ಏನೂ ಆಗಿಲ್ಲ ಅನ್ನುವ ಹಾಗೆ. ಮತ್ತೆ ಹೊರಡುತ್ತಾಳೆ. ಪ್ರತಿ ಸಲ ಸ್ವಲ್ಪ ಮುಂದೆ ಹೋಗುತ್ತಾಳೆ. ಪೂರ್ತಿ ಎಂಟು ಬರುವ ಹೊತ್ತಿಗೆ ನೋಡುವವರಿಗೆ ಅದು ಬಾಯಿಪಾಠವಾಗಿರುತ್ತದೆ. ಫೋನಿನ ಮಾತು ಮತ್ತೆ ಬರಲಿಲ್ಲ.

ಪುನರಾವರ್ತನೆ ಇಲ್ಲದೆ ನೃತ್ಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಯವಾನ್ ರೈನರ್ 1966ರ 'ಟ್ರಿಯೊ ಎ'ಯಲ್ಲಿ ಬೇಕೆಂದೇ ಒಂದು ಚಲನೆಯನ್ನೂ ಮರಳಿ ತರಲಿಲ್ಲ, ಪ್ರೇಕ್ಷಕರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅದು ಗೊತ್ತಿದ್ದು ಮಾಡಿದ ಹಟ. ನನ್ನ 31 ತುಣುಕುಗಳ ಹಿಂದೆ ಅಂಥ ಹಟವೇನೂ ಇರಲಿಲ್ಲ.

ಎಷ್ಟು ಕೌಂಟು ತಡ?

ಕ್ಯಾನನ್ ಅಂದರೆ ಒಂದೇ ಚಲನೆಯನ್ನು ಒಬ್ಬರ ಹಿಂದೆ ಒಬ್ಬರು ಸ್ವಲ್ಪ ಸ್ವಲ್ಪ ತಡವಾಗಿ ಶುರು ಮಾಡುವುದು. ಗುಂಪು ನೃತ್ಯದಲ್ಲಿ ಇದಕ್ಕಿಂತ ಸಲೀಸಾದ ತಂತ್ರ ಇನ್ನೊಂದಿಲ್ಲ. ಹಾಗಾಗಿಯೇ ಇದಕ್ಕಿಂತ ಜಾಸ್ತಿ ಹಾಳಾದ ತಂತ್ರವೂ ಇಲ್ಲ ಅಂತ ನನ್ನ ಅನಿಸಿಕೆ.

ಮೊದಲು ಒಂದೊಂದು ಕೌಂಟಿನ ಅಂತರ ಇಟ್ಟೆವು. ಐವರದ್ದೂ 12 ಕೌಂಟಿಗೆ ಮುಗಿಯಿತು. ಅಲೆ ಎದ್ದ ಹಾಗೆ ಚೆಂದವಾಗಿ ಕಂಡಿತು. ಡ್ಯಾನ್ಸರ್‌ಗಳಿಗೆ ಖುಷಿ. ಆದರೆ ಕಾಯುವುದು ಎಲ್ಲಿ ಹೋಯಿತು? ಸಿಗಲಿಲ್ಲ. ಎರಡು ಕೌಂಟಿನ ಅಂತರಕ್ಕೆ ಬದಲಿಸಿದೆವು, 16 ಕೌಂಟು. ಅಲೆ ನಿಧಾನವಾಯಿತು, ಆದರೂ ಅಲೆಯೇ. ಎಂಟು ಕೌಂಟಿನ ಅಂತರ ಕೊಟ್ಟರೆ 40 ಕೌಂಟು, ಹಾಜರಿ ಕೂಗಿದ ಹಾಗೆ ಒಬ್ಬೊಬ್ಬರೇ.

ಕಾರಣ ಹುಡುಕಲು ಕಾಗದದ ಮೇಲೆ ಐದು ಸಾಲು ಎಳೆದು ಕೌಂಟು ಬರೆದೆ. ಆಗ ಕಂಡಿತು. ಈ ಚಲನೆಯ ಜೀವ ಇರುವುದು ಐದನೇ ಕೌಂಟಿನ ನಿಲುಗಡೆಯಲ್ಲಿ. ಅಂತರ ಒಂದು ಅಥವಾ ಎರಡು ಆದರೆ ಮೊದಲನೆಯವಳು ನಿಲ್ಲುವಾಗ ಪಕ್ಕದವಳು ವಾಲುತ್ತಿರುತ್ತಾಳೆ. ಓಡಾಡುವ ವಸ್ತು ಇದ್ದಾಗ ಕಣ್ಣು ನಿಂತಿದ್ದನ್ನು ನೋಡುವುದಿಲ್ಲ. ನಿಲುಗಡೆ ಪಕ್ಕದವಳ ವಾಲುವಿಕೆಯಲ್ಲಿ ಮುಚ್ಚಿಹೋಗುತ್ತದೆ. ಅಂತರ ನಾಲ್ಕು ಆದರೆ? ಮೊದಲನೆಯವಳ ಐದನೇ ಕೌಂಟಿಗೆ ಎರಡನೆಯವಳ ಒಂದನೇ ಕೌಂಟು. ಇವಳು ನಿಂತ ಕ್ಷಣಕ್ಕೆ ಅವಳು ಮೈಭಾರ ಬದಲಿಸುತ್ತಾಳೆ, ಅಷ್ಟೇ. ದೊಡ್ಡ ಚಲನೆಯೇ ಇಲ್ಲ. ನಿಲುಗಡೆ ಕಾಣುತ್ತದೆ, ಮತ್ತೆ ಹೊರಡುವ ಆಸೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ ಹಾಗೂ ಕಾಣುತ್ತದೆ. ಒಟ್ಟು 24 ಕೌಂಟು, ಮೂರು ಎಂಟು.

ಅಂತರವನ್ನು ಇನ್ನು ಮೇಲೆ ನಾನು ಅಂದಾಜಿನಲ್ಲಿ ಇಡುವುದಿಲ್ಲ. ಮೊದಲು ಚಲನೆಯ ಗಂಟು ಯಾವ ಕೌಂಟಿನಲ್ಲಿದೆ ಅಂತ ನೋಡುತ್ತೇನೆ.

ಏಳು ಮತ್ತು ಎಂಟು

ಇಡೀ ಪ್ರಕರಣದಲ್ಲಿ ನನಗೆ ಇಂದಿಗೂ ಇಷ್ಟವಾಗುವುದು ಈ ಭಾಗ. ಆನ್ ತೆರೇಸಾ ದ ಕೀರ್ಸ್‌ಮಾಕರ್ 1982ರಲ್ಲಿ ಸ್ಟೀವ್ ರೈಶ್ ಅವರ ಸಂಗೀತಕ್ಕೆ ಮಾಡಿದ 'ಫಾಜ್' ನೃತ್ಯದಲ್ಲಿ ಇಬ್ಬರು ಒಂದೇ ಚಲನೆಯನ್ನು ಒಟ್ಟಿಗೆ ಮಾಡುತ್ತಿರುತ್ತಾರೆ. ಮೆಲ್ಲಗೆ ಒಬ್ಬರು ಮುಂದೆ ಜಾರುತ್ತಾರೆ, ಆಮೇಲೆ ಮತ್ತೆ ಕೂಡಿಕೊಳ್ಳುತ್ತಾರೆ. ಅಲ್ಲಿ ಜಾರುವುದು ಸಂಗೀತದ ಜೊತೆ. ನಮ್ಮ ಸಂಗೀತಕ್ಕೆ ಅಂಥ ಗುಣವಿರಲಿಲ್ಲ. ಹಾಗಾಗಿ ಕೌಂಟಿನಿಂದಲೇ ಜಾರಿಸೋಣ ಅಂದುಕೊಂಡೆವು. ಒಬ್ಬನಿಗೆ ಎಂಟು ಕೌಂಟು, ಇನ್ನೊಬ್ಬಳಿಗೆ ಏಳು. ಅವನು ಏಳು ಸಲ ಮಾಡಿದಾಗ 56, ಅವಳು ಎಂಟು ಸಲ ಮಾಡಿದಾಗಲೂ 56. ಅಲ್ಲಿ ಇಬ್ಬರೂ ಕೂಡುತ್ತಾರೆ. 35 ಸೆಕೆಂಡ್.

ಎಂಟನ್ನು ಏಳು ಮಾಡಲು ಒಂದು ಕೌಂಟು ತೆಗೆಯಬೇಕಲ್ಲ? ಐದನ್ನೇ ತೆಗೆದೆವು. ಅಂದರೆ ಅವಳು ನಿಲ್ಲುವುದಿಲ್ಲ. ವಾಲುತ್ತಾಳೆ, ಸೀದಾ ಕತ್ತಿಗೆ ಕೈ, ಮುಗಿಯಿತು, ಮತ್ತೆ ಶುರು. ತಾಳ್ಮೆಯಿಲ್ಲದವಳು. ನಟನೆ ಮಾಡು ಅಂತ ಅವಳಿಗೆ ನಾನು ಒಂದು ಮಾತೂ ಹೇಳಲಿಲ್ಲ. ಒಂದು ಕೌಂಟು ಹೋದದ್ದೇ ತಡ, ಸ್ವಭಾವ ಬಂದುಬಿಟ್ಟಿತು.

ಮೊದಲ ಸುತ್ತಿನಲ್ಲಿ ನಾಲ್ಕರವರೆಗೆ ಇಬ್ಬರೂ ಒಟ್ಟಿಗೆ ಇರುತ್ತಾರೆ. ಐದಕ್ಕೆ ಅವನು ನಿಲ್ಲುತ್ತಾನೆ, ಅವಳು ಅವನನ್ನು ಬಿಟ್ಟು ಮುಂದೆ ಹೋಗುತ್ತಾಳೆ. ನಡುವೆ ಪೂರ್ತಿ ತದ್ವಿರುದ್ಧ, ಒಬ್ಬರು ವಾಲಿದರೆ ಇನ್ನೊಬ್ಬರು ನೆಟ್ಟಗೆ. ಕೊನೆಯ ಸುತ್ತು ಬರುವಾಗ ಅವಳು ಎಷ್ಟು ಮುಂದೆ ಹೋಗಿರುತ್ತಾಳೆಂದರೆ, ಅವನಿಗಿಂತ ಒಂದು ಕೌಂಟು ಹಿಂದೆ ಇದ್ದ ಹಾಗೆ ಕಾಣುತ್ತಾಳೆ. ಅವನು 49ಕ್ಕೆ ಶುರು, ಅವಳು 50ಕ್ಕೆ. 53ಕ್ಕೆ ಅವನು ನಿಲ್ಲುತ್ತಾನೆ. ಅವಳು ಅದೇ ಕೌಂಟಿಗೆ ವಾಲಿ ಮುಗಿಸುತ್ತಾಳೆ. 54ಕ್ಕೆ ಇಬ್ಬರ ಕೈಯೂ ಒಟ್ಟಿಗೆ ಕತ್ತಿಗೆ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಅವನನ್ನು ಹಿಂದೆ ಹಾಕಿದ ಅದೇ ನಿಲುಗಡೆ ಇಲ್ಲಿ ಅವಳಿಗಾಗಿ ಕಾದ ಹಾಗೆ ಕಾಣುತ್ತದೆ.

ಇದನ್ನು ನಾನು ಯೋಚಿಸಿ ಮಾಡಿದೆ ಅಂತ ಹೇಳಿಕೊಳ್ಳಬಹುದಿತ್ತು. ಇಲ್ಲ, ಲೆಕ್ಕವೇ ಮಾಡಿತು. ರಿಹರ್ಸಲ್‌ನಲ್ಲಿ ಮೊದಲ ಸಲ ತಪ್ಪಿಲ್ಲದೆ ಬಂದಾಗ ಗೋಡೆಗೆ ಒರಗಿ ಕೂತಿದ್ದ ಉಳಿದ ಮೂವರು "ಓಹ್" ಅಂದರು. ಹಾಗೆ ತಪ್ಪಿಲ್ಲದೆ ಬರಲು ಆರು ರಿಹರ್ಸಲ್ ಹಿಡಿಯಿತು. ಎಂಟರ ಸಂಗೀತದ ಮೇಲೆ ಏಳು ಎಣಿಸುವುದು ತಲೆ ಕೆಡಿಸುವ ಕೆಲಸ. ಕೊನೆಗೆ ಅವಳು ಎಣಿಸುವುದನ್ನೇ ಬಿಟ್ಟು, ಏಳು ಅಕ್ಷರದ ಒಂದು ಅರ್ಥವಿಲ್ಲದ ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳತೊಡಗಿದಳು. ಆ ಮಾತು ಏನು ಅಂತ ಇವತ್ತಿಗೂ ಹೇಳಿಲ್ಲ.

ಕೆಲಸ ಮಾಡಿದ್ದು, ಮಾಡದ್ದು

ಮುಖ ತಿರುಗಿಸುವುದು ಆಕಸ್ಮಿಕವಾಗಿ ಸಿಕ್ಕಿತು. ಎತ್ತರದ ಹುಡುಗ ಒಂದು ದಿನ ತಪ್ಪಿ ಹಿಂದಕ್ಕೆ ಮುಖ ಮಾಡಿ ನಿಂತ. ಬೈಯಲು ಹೊರಟವಳು ಸುಮ್ಮನಾದೆ. ಕತ್ತಿನ ಹಿಂದಿನ ಕೈ ಕಾಣುವುದೇ ಹಿಂದಿನಿಂದ! ನಾಲ್ಕು ವಾರ ಆ ಕೈಯನ್ನು ಪ್ರೇಕ್ಷಕರಿಂದ ಮರೆಮಾಡಿ ಇಟ್ಟಿದ್ದೆವು. ಸಂಚಯದ ಭಾಗ ಎದುರು ಮುಖವಾಗಿಯೇ ಇರಲಿ, ಕ್ಯಾನನ್‌ನಲ್ಲಿ ಐವರೂ ಬೆನ್ನು ತೋರಿಸಲಿ ಅಂತ ಬದಲಿಸಿದೆ. ಒಂದು ಸ್ಟೆಪ್ಪೂ ಹೊಸದಲ್ಲ, ಆದರೂ ಬೇರೆಯೇ ನೃತ್ಯ.

ವೇಗದ ವಿಷಯಕ್ಕೆ ಬಂದರೆ, ನಾಲ್ಕು ಪಟ್ಟು ನಿಧಾನ ಮಾಡಿದಾಗ 32 ಕೌಂಟು, 20 ಸೆಕೆಂಡ್. ಅದರಲ್ಲಿ ಹತ್ತು ಸೆಕೆಂಡ್ ಹಿಮ್ಮಡಿ ಎತ್ತಿ ವಾಲಿಕೊಂಡೇ ಇರಬೇಕು. ಮೀನಖಂಡ ನಡುಗುತ್ತದೆ. ಮೊದಲು ನಡುಕ ನಿಲ್ಲಿಸಲು ಒದ್ದಾಡಿದೆವು, ಆಮೇಲೆ ಬಿಟ್ಟೆವು. ಆ ನಡುಕವೇ ಕಾಯುವುದರ ಭಾರ. ನಾಲ್ಕು ಪಟ್ಟು ಚುರುಕು ಮಾಡಿದ್ದು ಮಾತ್ರ ನಗೆಪಾಟಲಾಯಿತು. ಎರಡೇ ಕೌಂಟಿಗೆ ಕೈ ಕತ್ತಿಗೆ ಹೋಗಿ ಬಂದರೆ ಸೊಳ್ಳೆ ಹೊಡೆದ ಹಾಗೆ ಕಾಣುತ್ತದೆ. ತೆಗೆದುಹಾಕಿದೆ.

ಅಲಂಕರಣವನ್ನೂ ತೆಗೆದೆ. ಕತ್ತಿಗೆ ಹೋಗುವ ಕೈಗೆ ಮಣಿಕಟ್ಟಿನ ಒಂದು ಸುತ್ತು, ನಡುವೆ ಒಂದು ಗಿರಕಿ. ಡ್ಯಾನ್ಸರ್‌ಗಳಿಗೆ ಇದು ಎಲ್ಲಕ್ಕಿಂತ ಇಷ್ಟವಾಗಿತ್ತು. ಆದರೆ ಹೊರಡಲಾಗದೆ ನಿಂತವನು ಗಿರಕಿ ಹೊಡೆಯುತ್ತಾನಾ?

ಬೇರೆ ಅಂಗಕ್ಕೆ ವರ್ಗಾಯಿಸುವುದು ಮಲಗಿದಾಗ ಒದಗಿಬಂತು. ಅಂಗಾತ ಮಲಗಿದಾಗ ಹಿಮ್ಮಡಿಯ ಕೆಲಸವನ್ನು ಮೊಣಕೈ ಮಾಡಿತು. ಇಬ್ಬರು ಎದುರುಬದುರು ನಿಂತಾಗ ಬಲ-ಎಡದ ಗೊಂದಲವೂ ಆಯಿತು. ಇಬ್ಬರೂ ಬಲಗೈ ಎತ್ತಿದರೆ ಕನ್ನಡಿಯಾಗುವುದಿಲ್ಲ, ಓರೆಯಾಗುತ್ತದೆ. ಕನ್ನಡಿ ಬೇಕಾದರೆ ಒಬ್ಬರು ಎಡಗೈ ಎತ್ತಬೇಕು. ನಾವು ಓರೆಯನ್ನೇ ಇಟ್ಟುಕೊಂಡೆವು.

ಜಾಗದ ವಿಷಯದಲ್ಲಿ ನನ್ನ ಅಭ್ಯಾಸಗಳು ನನಗೇ ಬೇಸರ ತಂದಿದ್ದವು. ಯಾವಾಗಲೂ ವಿ ಆಕಾರ, ಇಲ್ಲ ಎರಡು ಸಾಲು. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ 1950ರ ದಶಕದ ಆರಂಭದಿಂದಲೇ ನಾಣ್ಯ ಚಿಮ್ಮಿ ತೀರ್ಮಾನ ಮಾಡುತ್ತಿದ್ದರು, ತನ್ನ ಇಷ್ಟಾನಿಷ್ಟ ಅಡ್ಡ ಬರಬಾರದೆಂದು. ನಾವು ನೆಲದ ಮೇಲೆ ಆರು ಗುರುತು ಹಾಕಿ ದಾಳ ಉರುಳಿಸಿದೆವು. ಐವರಿಗೂ ಬೇರೆ ಬೇರೆ ಜಾಗ ಬೀಳುವ ಸಾಧ್ಯತೆ ಹತ್ತಕ್ಕೆ ಒಂದಕ್ಕಿಂತ ಕಡಿಮೆ, ಅದು ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಒಂದೇ ಗುರುತಿನ ಮೇಲೆ ಮೂವರು ಬಿದ್ದರು. ಮತ್ತೆ ಉರುಳಿಸೋಣ ಅಂದರು. ಬೇಡ ಅಂದೆ. ಒಂದು ಗೇಣು ಜಾಗದಲ್ಲಿ ಮೂವರೂ ಮುಂದಕ್ಕೆ ವಾಲಿದರೆ ಒಬ್ಬರ ಹಣೆ ಇನ್ನೊಬ್ಬರ ಬೆನ್ನಿಗೆ ತಾಗುತ್ತದೆ. ಇಡೀ ನೃತ್ಯದಲ್ಲಿ ಒಬ್ಬರನ್ನೊಬ್ಬರು ಮುಟ್ಟುವುದು ಅಲ್ಲಿ ಮಾತ್ರ.

ಎಲ್ಲರೂ ಒಟ್ಟಿಗೆ ಮಾಡುವ ಯೂನಿಸನ್ ಎರಡೇ ಎಂಟಿಗೆ ಇಳಿಯಿತು. ಏಳು-ಎಂಟರ ಜೋಡಿ ಕೂಡಿದ ಮರುಕ್ಷಣವೇ ಅದನ್ನು ಇಟ್ಟೆ. ಮೊದಲ ಆವೃತ್ತಿಯಲ್ಲಿ ಅಷ್ಟೊಂದು ಹೊತ್ತು ಇದ್ದಾಗ ಯಾರ ಮೇಲೂ ಏನೂ ಪರಿಣಾಮ ಆಗಿರಲಿಲ್ಲ.

ಹಿಮ್ಮುಖ ಮಾಡುವುದು, ಅಂದರೆ ವಿಡಿಯೋ ಹಿಂದಕ್ಕೆ ಓಡಿಸಿದ ಹಾಗೆ ಕೊನೆಯಿಂದ ಮೊದಲಿಗೆ ಮಾಡುವುದು, ನನ್ನನ್ನು ಜಾಸ್ತಿ ಕಾಡಿಸಿತು. ಕುಸಿದು ಕೂರುವ ತುಣುಕಿನಲ್ಲಿ ನೆಲಕ್ಕೆ ಇಳಿಯಲು ಒಂದು ಕೌಂಟು ಸಾಕು, ಕೆಲಸ ನೆಲದ ಸೆಳೆತದ್ದು. ತಿರುಗಿಸಿದರೆ ಅರ್ಧ ಸೆಕೆಂಡ್ ಚಿಲ್ಲರೆಯಲ್ಲಿ ಎದ್ದು ನಿಲ್ಲಬೇಕು. ಆಗುವ ಮಾತಲ್ಲ. ಮೂರು ಕೌಂಟು ಕೊಟ್ಟು, ಉರುಳುವುದನ್ನು ಕತ್ತರಿಸಿ ಸರಿತೂಗಿಸಿದೆವು. ಅದು ನೋಡುವವರಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಮೂಲ ಎಂಟು ಕೌಂಟಿನ ಹಿಮ್ಮುಖ ಹಾಗಲ್ಲ. ಮೊದಲು ಕತ್ತಿಗೆ ಕೈ, ಆಮೇಲೆ ವಾಲುವುದು, ಕೈ ಇಳಿಯುವುದು, ನಿಲುಗಡೆ, ನೆಟ್ಟಗಾಗುವುದು. ಮಾಡುವವಳಿಗೆ ಅರ್ಥವೇ ಬೇರೆ: ಮೂಲದಲ್ಲಿ ಹೊರಟು ಹಿಂಜರಿಕೆ, ಇಲ್ಲಿ ಹಿಂಜರಿದು ಹೊರಡುವುದು. ನೋಡುವವರಿಗೆ ಮಾತ್ರ ಎರಡೂ ಒಂದೇ. ಶುರುವೂ ನಿಂತೇ, ಕೊನೆಯೂ ನಿಂತೇ. ಹೋದ ದಾರಿಯೇ ಇಲ್ಲದ ಮೇಲೆ ಹಿಂದಕ್ಕೆ ಬಂದದ್ದು ಹೇಗೆ ಕಾಣಬೇಕು?

ಎಂಟನೇ ವಾರ

ಬೇರೆ ಮೂವರನ್ನು ಕರೆದೆವು. ನೃತ್ಯ ಈಗ 68 ಎಂಟು, 5 ನಿಮಿಷ 40 ಸೆಕೆಂಡ್. ಉಳಿದ ಸಂಗೀತ ಕತ್ತರಿಸಿದ್ದೆ. ಅದೇ ಪ್ರಶ್ನೆ. ಮೂವರೂ ಕತ್ತಿನ ಹಿಂದೆ ಕೈ ಇಟ್ಟರು. ಒಬ್ಬರು "ಆ ನಿಲ್ಲದೇ ಇರೋ ಹುಡುಗಿ" ಅಂದರು, ಹೆಸರು ಗೊತ್ತಿಲ್ಲದೆ. ಇನ್ನೊಬ್ಬರಿಗೆ ಮಲಗಿದ ಭಾಗ ಏನೂ ಅರ್ಥವಾಗಿರಲಿಲ್ಲ. ಮೊಣಕೈಯನ್ನು ಹಿಮ್ಮಡಿ ಅಂತ ಓದಲು ಅವರಿಗೆ ಯಾವ ಸುಳಿವೂ ಸಿಕ್ಕಿರಲಿಲ್ಲ. ಪಕ್ಕದಲ್ಲೇ ಒಬ್ಬ ನಿಂತು ಮೂಲವನ್ನು ಮಾಡುತ್ತಿರಲಿ ಅಂತ ಸೇರಿಸಿದೆ.

ಹಿಮ್ಮುಖವನ್ನು ಯಾರೂ ಗಮನಿಸಲಿಲ್ಲ. ತೆಗೆಯೋಣ ಅಂದೆ. ಅದನ್ನು ಒಂಟಿಯಾಗಿ ಮಾಡುತ್ತಿದ್ದವಳು ಕಿರಿಯವಳೇ. ಶುರುವಿನಲ್ಲಿ ಫೋನಿನ ಮಾತೆತ್ತಿದವಳು.

"ಇರಲಿ ಬಿಡಿ ಅಕ್ಕ. ಅವರಿಗೆ ಗೊತ್ತಾಗದಿದ್ರೆ ಏನಾಯ್ತು, ನನಗೆ ಗೊತ್ತಾಗುತ್ತಲ್ಲ. ಅದಾದ ಮೇಲೆ ನಾನು ಬೇರೆ ಥರ ನಿಲ್ತೀನಿ."

ಮುಂದಿನ ರಿಹರ್ಸಲ್‌ನಲ್ಲಿ ಅವಳು ನಿಲ್ಲುವುದನ್ನೇ ನೋಡಿದೆ. ಬೇರೆ ಥರವೇ ನಿಲ್ಲುತ್ತಿದ್ದಳು. ಎರಡು ಎಂಟು, ಹತ್ತು ಸೆಕೆಂಡ್. ಹಾಗೇ ಬಿಟ್ಟಿದ್ದೇನೆ.